ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ಹೈ ರಿಸ್ಕ್ ಇಂಜೆಕ್ಷನ್: ಎರಡನೇ ಸಹಿ ಯಾರದು?

ರಾತ್ರಿಪಾಳಿ ಸಿಸ್ಟರ್, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಒಂದು ಖಾಸಗಿ ಆಸ್ಪತ್ರಿಯ ಮೆಡಿಸಿನ್ ವಾರ್ಡ್‌ನಾಗ ಸ್ಟಾಫ್ ನರ್ಸ್. ಆಸ್ಪತ್ರಿ ಹೆಸರು ಬ್ಯಾಡ್ರಿ, ಇದು ಒಂದೇ ಆಸ್ಪತ್ರಿ ಪ್ರಶ್ನಿ ಅಲ್ಲ ಅಂತ ನನಗ ಗೊತ್ತೈತಿ.

ನಮ್ಮಲ್ಲಿ ನಿಯಮ ಐತಿ: ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂಗ ಮಾಡೂದು), ಕೆಸಿಎಲ್ (ಪೊಟ್ಯಾಶಿಯಂ ಕ್ಲೋರೈಡ್), ಮಾರ್ಫಿನ್, ಬಿಪಿ ಏರಿಸೂ ನಾರ್‌ಅಡ್ರಿನಲಿನ್ ಇಂಥಾವು ಕೊಡೂಕಿಂತ ಮೊದಲ ಇಬ್ಬರು ನರ್ಸ್ ನೋಡಿ ಸಹಿ ಮಾಡಬೇಕು. ಡ್ರಗ್ ಚಾರ್ಟ್‌ನಾಗ ಎರಡು ಸಹಿಗೆ ಜಾಗಾನೂ ಐತಿ. ಹಗಲು ಪಾಳಿಯಾಗ ತೊಂದರಿಲ್ಲ. ರಾತ್ರಿ ವಾರ್ಡ್‌ಗೆ ಒಬ್ಬರೇ. ಹಿಂಗಾಗಿ ಎರಡನೇ ಸಹಿ ಮುಂಜಾನೆ ಡ್ಯೂಟಿಗೆ ಬಂದವರು ಹಾಕ್ತಾರ. ಔಷಧಿ ರಕ್ತದಾಗ ಸೇರಿ ಅದರ ಕೆಲಸ ಮುಗಿದ ಮ್ಯಾಲೆ "ಚೆಕ್ ಮಾಡಲಾಗಿದೆ" ಅಂತ ಸಹಿ!

ಈಚೆಗೆ ಮುಂಜಾನೆ ಪಾಳಿಗೆ ಹೋದಾಗ ನಾನು ಆ ಸಹಿ ಹಾಕಲಿಲ್ಲ. ನಾನು ನೋಡದ ಇಂಜೆಕ್ಷನ್‌ಗೆ ನೋಡೀನಿ ಅಂತ ಹೆಂಗ ಬರೀಲಿ? ಇನ್‌ಚಾರ್ಜ್ ಸಿಸ್ಟರ್‌ಗೆ ಬೇಜಾರಾತು. "ಹಂಗಂದ್ರ ರಾತ್ರಿ ಔಷಧಿ ಕೊಡೂದು ಬಿಡೂಣೇನು?" ಅಂತ ಕೇಳಿದರು. ಅವರ ಪ್ರಶ್ನಿನೂ ಸುಳ್ಳಲ್ಲ. ನಿಮ್ಮ ಕಡೆ ರಾತ್ರಿ ಏನು ಮಾಡ್ತೀರಿ, ದಯವಿಟ್ಟು ಹೇಳ್ರಿ. ನಿಯಮ ಏನೈತಿ ಅಂತ ಅಲ್ಲ, ಖರೇನ ಏನು ಮಾಡ್ತೀರಿ ಅಂತ.

ಐಸಿಯು ಅಕ್ಕ, ಬೆಳಗಾವಿ

ತಂಗಿ, ಸಹಿ ಹಾಕದೇ ಇದ್ದದ್ದು ಸರಿ ಐತಿ. ಮೊದಲ ಅದನ್ನ ಹೇಳಿಬಿಡ್ತೀನಿ.

ಆದರೆ ಇಬ್ಬರಿದ್ದಾಗ ನಡೆಯುವ ಡಬಲ್ ಚೆಕ್ ಕೂಡ ಬಹಳ ಕಡೆ ಚೆಕ್ಕೇ ಅಲ್ಲ. ಒಬ್ಬರು ಸಿರಿಂಜ್ ಎತ್ತಿ ಹಿಡಿದು "ಹೆಪಾರಿನ್ ಐದು ಸಾವಿರ, ಸರಿ ಐತಲ್ಲ?" ಅಂತಾರ. ಇನ್ನೊಬ್ಬರು ಬೇರೆ ಪೇಷಂಟ್‌ಗೆ ಡ್ರಿಪ್ ಹಚ್ಚುತ್ತಾ "ಹೂಂ ಅಕ್ಕಾ" ಅಂತಾರ. ಉತ್ತರ ಕಿವಿಗೆ ಬಿದ್ದ ಮೇಲೆ ಕಣ್ಣು ಅದನ್ನೇ ಕಾಣುತ್ತದೆ. ಸೀನಿಯರ್ ಕೇಳಿದರಂತೂ ಜೂನಿಯರ್ ಬಾಯಿಂದ "ಇಲ್ಲ" ಅನ್ನೋದು ಬರೂದೇ ಇಲ್ಲ.

ನಮ್ಮ ಐಸಿಯುದಾಗ ಹೀಗೆ ಮಾಡ್ತೀವಿ. ಮೊದಲನೇ ಸಿಸ್ಟರ್ ಲೆಕ್ಕ ಮಾಡಿ, ಔಷಧಿ ತುಂಬಿ, ಖಾಲಿ ವಯಲ್ (ಔಷಧಿ ಶೀಶೆ) ಸಮೇತ ಟ್ರೇದಾಗ ಇಟ್ಟು ಸುಮ್ಮನಿರ್ತಾಳ. ಎಷ್ಟು ಎಂಎಲ್ ಅಂತ ಬಾಯಿ ಬಿಡೂದಿಲ್ಲ. ಎರಡನೆಯವಳು ಚಾರ್ಟ್ ಓದಿ, ವಯಲ್ ಓದಿ, ತಾನೇ ಲೆಕ್ಕ ಹಾಕಿ, ತನ್ನ ಉತ್ತರ ಹೇಳ್ತಾಳ. ಆಮೇಲೆ ಇಬ್ಬರದೂ ತಾಳೆ. ಎರಡೂ ಉತ್ತರ ಬೇರೆ ಬಂದರೆ ಮೂರನೆಯವರನ್ನ ಕರೀತೀವಿ. "ಅಕ್ಕ ಹೇಳಿದ್ದೇ ಸರಿ ಇರಬೇಕು" ಅನ್ನೂಹಂಗಿಲ್ಲ.

ಹೆಪಾರಿನ್‌ದೇ ತಗೋರಿ. 5 ಎಂಎಲ್ ವಯಲ್ ಎರಡು ತರಹ ಬರ್ತಾವ: ಎಂಎಲ್‌ಗೆ 1000 ಯೂನಿಟ್, ಎಂಎಲ್‌ಗೆ 5000 ಯೂನಿಟ್. ಗಾತ್ರ ಒಂದೇ. 5000 ಯೂನಿಟ್ ಬೋಲಸ್ (ಒಮ್ಮೆಲೇ ಕೊಡೂ ಡೋಸ್) ಅಂದರೆ ಒಂದರಾಗ ಪೂರಾ 5 ಎಂಎಲ್, ಇನ್ನೊಂದರಾಗ ಬರೇ 1 ಎಂಎಲ್. ಮೊದಲನೇದು ರೂಢಿ ಆದ ಕೈ ಎರಡನೇ ವಯಲ್‌ನಿಂದ 5 ಎಂಎಲ್ ಎಳೆದರೆ ಹೋಗೂದು 25,000 ಯೂನಿಟ್. ಹತ್ತಿರ ನಿಂತು "ಹೆಪಾರಿನ್ ಹೌದಲ್ಲ" ಅಂತ ನೋಡಿದವರಿಗೆ ಇದು ಕಾಣೂದಿಲ್ಲ, ಯಾಕಂದ್ರ ವಯಲ್ ಮೇಲೆ ಹೆಪಾರಿನ್ ಅಂತಲೇ ಇರ್ತದ. ಹೊಸದಾಗಿ ಲೆಕ್ಕ ಹಾಕಿದವರಿಗೆ ಮಾತ್ರ ಕಾಣುತ್ತದೆ.

ಔಷಧಿ ಬಿಡೂ ಪಂಪ್ ಇದ್ದರೆ ರೇಟ್ ಹಾಕಿದ ಮೇಲೆ, ಸ್ಟಾರ್ಟ್ ಒತ್ತುವ ಮೊದಲು ಇನ್ನೊಮ್ಮೆ ನೋಡಬೇಕು. 2.5 ಹಾಕೋ ಕಡೆ ಚುಕ್ಕಿ ಬೀಳದಿದ್ದರೆ 25. ಸಿರಿಂಜ್‌ನಿಂದ ಕೈಯಾಡಿಸಿಕೊಂಡು ಪೇಷಂಟ್‌ನ ಕೈ ತನಕ ಲೈನ್ ಯಾವುದಕ್ಕೆ ಸೇರೈತಿ ಅಂತಾನೂ ನೋಡ್ರಿ. ಇಷ್ಟೆಲ್ಲ ಸೇರಿದರೆ ಚೆಕ್.

ತಾಲ್ಲೂಕು ಆಸ್ಪತ್ರೆ, ಜಮಖಂಡಿ ಕಡೆ

ನಮ್ಮಲ್ಲೂ ಮುಂಜಾನೆ ಸಹಿನ ರೀ. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟ.

ಫಾರ್ಮಸಿ ಬ್ರದರ್, ವಿಜಯಪುರ

ನಾ ಇನ್ನೊಂದು ದಿಕ್ಕಿನಿಂದ ಹೇಳ್ತೀನ್ರಿ ಸಿಸ್ಟರ್. ರಾತ್ರಿ ಒಬ್ಬರೇ ಇರೂ ವಾರ್ಡ್‌ನ್ಯಾಗ ಗಟ್ಟಿ ಕೆಸಿಎಲ್ ಆಂಪೂಲ್ ಯಾಕ ಇರಬೇಕು? ಮೊದಲ ಅದನ್ನ ಕೇಳ್ರಿ.

10 ಎಂಎಲ್ ಆಂಪೂಲ್, ಎಂಎಲ್‌ಗೆ 150 ಮಿಲಿಗ್ರಾಂ. ಅಂದ್ರ ಒಂದು ಆಂಪೂಲ್‌ನ್ಯಾಗ 20 ಮಿಲಿಈಕ್ವಿವಲೆಂಟ್ (ಲವಣ ಅಳಿಯೂ ಅಳತಿ) ಪೊಟ್ಯಾಶಿಯಂ. ನೋಡಲಿಕ್ಕೆ ಡಿಸ್ಟಿಲ್ಡ್ ವಾಟರ್ ಆಂಪೂಲ್‌ನಂಗ ಅದ. ನೇರವಾಗಿ ನರಕ್ಕ ಹೋದ್ರ ಹೃದಯ ನಿಂತುಬಿಡ್ತದ. ಇಂಥಾದು ನೀರಿನ ಆಂಪೂಲ್ ಬಾಜೂಕ ಒಂದೇ ಟ್ರೇದಾಗ ಇಟ್ಟು, ಮ್ಯಾಲೆ ಕೆಂಪು ಸ್ಟಿಕರ್ ಹಚ್ಚಿ, "ಹುಷಾರಾಗಿರ್ರಿ" ಅಂದ್ರ ಸಾಲಂಗಿಲ್ಲ. ನಮ್ಮಲ್ಲಿ ವಾರ್ಡ್ ಸ್ಟಾಕ್‌ನಿಂದ ತೆಗೆಸಿದ್ವಿ. ಐಸಿಯು ಮತ್ತ ಎಮರ್ಜೆನ್ಸಿಯೊಳಗ ಮಾತ್ರ ಬೀಗದಾಗ ಇರ್ತದ. ವಾರ್ಡ್‌ಗೆ ಬೇಕಾದ್ರ ಡಾಕ್ಟರ್ ಬರದ ಚೀಟಿ ತಗೊಂಡು ಫಾರ್ಮಸಿಗೆ ಬರಬೇಕು. ಕೊಡೂ ಮುಂದ ನಾನು ಕೇಳ್ತೀನಿ: ಎಷ್ಟು ಎಂಎಲ್ ಸಲಾಯಿನ್‌ದಾಗ, ಎಷ್ಟು ತಾಸಿನಾಗ, ಪೇಷಂಟ್‌ಗೆ ಯೂರಿನ್ ಹೊಂಟದ ಏನು. ನೋಡ್ರಿ, ಅಲ್ಲೇ ಎರಡನೇ ಚೆಕ್ ಆದಂಗಾತು.

500 ಎಂಎಲ್‌ನ್ಯಾಗ ಒಂದು ಆಂಪೂಲ್ ಹಾಕಿದ್ರ ಲೀಟರಿಗೆ 40 ಮಿಲಿಈಕ್ವಿವಲೆಂಟ್ ಆಗ್ತದ. ಕೈಯಾಗಿನ ಸಾದಾ ಲೈನ್‌ಗೆ ಅದಕ್ಕಿಂತ ಗಟ್ಟಿ ಬ್ಯಾಡ. ವಾರ್ಡ್‌ನ್ಯಾಗ ತಾಸಿಗೆ 10ಕ್ಕಿಂತ ಹೆಚ್ಚು ಬ್ಯಾಡ, ಅಂದ್ರ ಆ ಬಾಟಲಿ ಎರಡು ತಾಸಿಗಿಂತ ಲಗೂ ಮುಗೀಬಾರದು. ಮತ್ತ ಹಾಕಿದ ಮ್ಯಾಲೆ ಬಾಟಲಿ ತಲಿಕೆಳಗ ಮಾಡಿ ಚಲೋತ್ನಂಗ ಕಲಸ್ರಿ. ತೂಗುಹಾಕಿದ ಬಾಟಲಿಗೆ ಹಂಗೇ ಚುಚ್ಚಿ ಬಿಟ್ರ ಪೊಟ್ಯಾಶಿಯಂ ತಳದಾಗ ಕುಂತು ಮೊದಲ ಅದೇ ಹೋಗ್ತದ.

ರಾತ್ರಿಪಾಳಿ ಸಿಸ್ಟರ್, ಬಾಗಲಕೋಟೆ

ಬ್ರದರ್, ಇದು ನಾನು ಯೋಚನಿ ಮಾಡಿರಲಿಲ್ಲರಿ. ಕೆಸಿಎಲ್ ಹಂಗ ಮಾಡಬಹುದು. ಇನ್ಸುಲಿನ್ ಏನು ಮಾಡೂದು? ಅದು ವಾರ್ಡ್‌ನಾಗ ಇರಲೇಬೇಕಲ್ಲ. ರಾತ್ರಿ ಊಟಕ್ಕ ಮೊದಲ ಅರ್ಧ ವಾರ್ಡ್‌ಗೆ ಇನ್ಸುಲಿನ್ ಇರ್ತೈತಿ.

ಫಾರ್ಮಸಿ ಬ್ರದರ್, ವಿಜಯಪುರ

ಇನ್ಸುಲಿನ್‌ದಾಗ ನಮ್ಮ ದೇಶದ್ದೇ ಒಂದು ತೊಂದರಿ ಅದ. ಹ್ಯೂಮನ್ ಇನ್ಸುಲಿನ್ ವಯಲ್ ಬಹಳಷ್ಟು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್, ಗ್ಲಾರ್ಜಿನ್ (ಬಾಳ ಹೊತ್ತು ಕೆಲಸ ಮಾಡೂ ಇನ್ಸುಲಿನ್) ಇಂಥಾವು ಎಂಎಲ್‌ಗೆ 100 ಯೂನಿಟ್. ಸಿರಿಂಜ್ ಸುದ್ದಾ ಎರಡು: 40ಕ್ಕ ಕೆಂಪು ಕ್ಯಾಪ್, 100ಕ್ಕ ಕೇಸರಿ ಕ್ಯಾಪ್. ಒಂದರ ಔಷಧಿ ಇನ್ನೊಂದರ ಸಿರಿಂಜ್‌ಗೆ ಹೋದ್ರ ಲೆಕ್ಕ ಕೆಡ್ತದ.

ಇಲ್ಲಿ ಒಂದು ವಾರ್ಡ್‌ನ್ಯಾಗ ನಡದದ್ದು ಹೇಳ್ತೀನಿ. ಪೇಷಂಟ್ ಮಗ ಮನೀಂದ ಇನ್ಸುಲಿನ್ ಕಾರ್ಟ್ರಿಜ್ ತಂದಿದ್ದ. ಪೆನ್ ಕೆಟ್ಟಿತ್ತು. "ಇದನ್ನ ಸಿರಿಂಜ್‌ನ್ಯಾಗ ಎಳದು ಕೊಡ್ರಿ ಸಿಸ್ಟರ್, 20 ಯೂನಿಟ್" ಅಂದ. ಟ್ರೇದಾಗ ಇದ್ದದ್ದು ಕೆಂಪು ಕ್ಯಾಪ್ ಸಿರಿಂಜ್. ಸಿಸ್ಟರ್ ಕಾರ್ಟ್ರಿಜ್ ಬೆಳಕಿಗೆ ಹಿಡದು ಅದರ ಮ್ಯಾಲಿನ ಸಣ್ಣ ಅಕ್ಷರ ಓದಿದರು, 100 ಅಂತ ಇತ್ತು. ಸಿರಿಂಜ್ ವಾಪಸ್ ಇಟ್ಟು ನನಗ ಫೋನ್ ಮಾಡಿದರು. ಕೆಂಪು ಸಿರಿಂಜ್‌ನ 20ರ ಗೆರಿ ತನಕ ಎಳದಿದ್ರ ಹೋಗತಿದ್ದದ್ದು 50 ಯೂನಿಟ್. ಎರಡೂವರಿ ಪಟ್ಟು! ಆ ಅಜ್ಜ ಆವತ್ತು ಸರಿಯಾಗಿ ಉಂಡಿರಲೂ ಇಲ್ಲ. ತಿರುವು ಮುರುವು ಆದ್ರ, ಅಂದ್ರ 40ರ ಇನ್ಸುಲಿನ್ ಕೇಸರಿ ಸಿರಿಂಜ್‌ನ್ಯಾಗ 20 ಗೆರಿ ಎಳದ್ರ, ಹೋಗೂದು ಬರೇ 8 ಯೂನಿಟ್. ಆವಾಗ ಶುಗರ್ ಇಳಿಯಂಗಿಲ್ಲ, ಡಾಕ್ಟರ್ ಡೋಸ್ ಏರಿಸ್ತಾರ, ಮರುದಿನ ಸರಿಯಾದ ಸಿರಿಂಜ್ ಬಂದ್ರ ಮುಗೀತು.

ಅದಕ್ಕ ಒಂದು ವಾರ್ಡ್‌ಗೆ ಒಂದೇ ತರಹ ಸಿರಿಂಜ್ ಕೊಡಲಿಕ್ಕೆ ಫಾರ್ಮಸಿಗೆ ಹೇಳ್ರಿ. 100ರದ್ದು ಬೇಕಾದವರಿಗೆ ಅವರ ಹೆಸರು ಬರದ ಡಬ್ಬಿಯೊಳಗ ಪೆನ್ ಅಥವಾ ಕೇಸರಿ ಸಿರಿಂಜ್ ಬ್ಯಾರೆ ಇಡ್ರಿ. ಸಾದಾ 2 ಎಂಎಲ್ ಸಿರಿಂಜ್‌ನ್ಯಾಗ ಇನ್ಸುಲಿನ್ ಎಳೆಯೂದು ಯಾವ ಕಾರಣಕ್ಕೂ ಬ್ಯಾಡ.

ಇನ್ನೊಂದು, ಚಾರ್ಟ್‌ನ್ಯಾಗ ಯೂನಿಟ್ ಅಂತ ಪೂರಾ ಬರಸ್ರಿ. ಇಂಗ್ಲಿಷಿನ ಯು ಒಂದೇ ಅಕ್ಷರ ಬರದ್ರ ಅವಸರದಾಗ ಸೊನ್ನಿ ಆಗಿ ಕಾಣ್ತದ. 10 ಇದ್ದದ್ದು 100 ಆಗ್ತದ.

ನರ್ಸಿಂಗ್ ಟ್ಯೂಟರ್, ಬೆಳಗಾವಿ

ಚರ್ಚೆ ಚೆನ್ನಾಗಿದೆ. ಒಂದು ಭಿನ್ನಾಭಿಪ್ರಾಯ ಹೇಳಬೇಕು. ಎಲ್ಲ ಔಷಧಿಗೂ ಇಬ್ಬರ ಸಹಿ ಅಂತ ಮಾಡಿರುವ ಆಸ್ಪತ್ರೆಗಳಿವೆ. ಅದು ಅಪಾಯ. ಮಲ್ಟಿವಿಟಮಿನ್‌ಗೂ ಎರಡು ಸಹಿ, ಹೆಪಾರಿನ್‌ಗೂ ಎರಡು ಸಹಿ ಎಂದಾದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹಾಕುತ್ತಾರೆ. ನಿಮ್ಮ ವಾರ್ಡಿನಲ್ಲಿ ಯಾವುದು ನಿಜವಾಗಿ ಜೀವ ತೆಗೆಯಬಲ್ಲದೋ ಅದರ ಚಿಕ್ಕ ಪಟ್ಟಿ ಮಾಡಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಮಂಡಳಿ) ಕೂಡ ಹೈ ರಿಸ್ಕ್ ಪಟ್ಟಿಯನ್ನು ಆಸ್ಪತ್ರೆಯೇ ತಯಾರಿಸಿಕೊಳ್ಳಬೇಕು ಎನ್ನುತ್ತದೆ. ಬೇರೆಯವರ ಪಟ್ಟಿ ನಕಲು ಮಾಡಿ ಗೋಡೆಗೆ ಅಂಟಿಸಿದರೆ ಪ್ರಯೋಜನವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ತಪ್ಪಿಸಬಹುದಾದ ತೀವ್ರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತ್ತು. 2022ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನದ ವಿಷಯವೂ ಅದೇ ಆಗಿತ್ತು. ನಮ್ಮ ಕಾಲೇಜುಗಳಲ್ಲಿ ಪೋಸ್ಟರ್ ಸ್ಪರ್ಧೆ ಆಯಿತು, ರಂಗೋಲಿ ಆಯಿತು. ರಾತ್ರಿ ಪಾಳಿಯ ಸಂಖ್ಯೆ ಮಾತ್ರ ಹಾಗೇ ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಸಾಮಾನ್ಯ ವಾರ್ಡ್‌ನಲ್ಲಿ ಬೋಧನಾ ಆಸ್ಪತ್ರೆಗೆ ಮೂವರು ರೋಗಿಗಳಿಗೊಬ್ಬ ನರ್ಸ್, ಉಳಿದ ಕಡೆ ಐವರಿಗೊಬ್ಬರು. ಇದನ್ನು ಓದಿ ಎಷ್ಟು ಜನ ನಿಟ್ಟುಸಿರು ಬಿಡುತ್ತೀರೆಂದು ಗೊತ್ತು.

ಹೆರಿಗೆ ವಾರ್ಡ್, ಇಂಡಿ

ಮ್ಯಾಗ್‌ಸಲ್ಫ್ (ಮ್ಯಾಗ್ನೀಸಿಯಂ ಸಲ್ಫೇಟ್, ಬಸುರಿಗೆ ಫಿಟ್ಸ್ ಬಂದಾಗ ಕೊಡೂದು) ಬಗ್ಗೆ ಯಾರೂ ಬರದಿಲ್ಲ, ನಾ ಬರೀತೀನಿ. ನಮ್ಮಂಥಾ ಸಣ್ಣ ಆಸ್ಪತ್ರಿಗೆ ಅದೇ ದೊಡ್ಡ ಹೈ ರಿಸ್ಕ್ ಔಷಧಿ. ಫಿಟ್ಸ್ ಬಂದ ಬಸುರಿ ರಾತ್ರಿನೇ ಬರ್ತಾಳ, ಜೋಡಿ ಹತ್ತು ಮಂದಿ, ಎಲ್ಲಾರೂ ಒದರತಿರ್ತಾರ. ಆ ಗದ್ದಲದಾಗ ಲೆಕ್ಕ.

50 ಪರ್ಸೆಂಟ್‌ನ 2 ಎಂಎಲ್ ಆಂಪೂಲ್‌ನ್ಯಾಗ 1 ಗ್ರಾಂ. ಮೊದಲ ಐವಿ (ನರಕ್ಕ) 4 ಗ್ರಾಂ: ನಾಕು ಆಂಪೂಲ್, ಅಂದ್ರ 8 ಎಂಎಲ್, ಅದಕ್ಕ 12 ಎಂಎಲ್ ನಾರ್ಮಲ್ ಸಲೈನ್ ಕೂಡಿಸಿ 20 ಎಂಎಲ್ ಮಾಡಿ ಸಾವಕಾಶ, ಐದು ನಿಮಿಷಕ್ಕ ಕಡಿಮಿ ಇಲ್ಲದಂಗ. ಆಮ್ಯಾಗ ಎರಡೂ ಕುಂಡಿಗೆ ಐದೈದು ಗ್ರಾಂ, ಅದು ಮಾತ್ರ ನೀರು ಕೂಡಿಸದೇ. ಒಂದು ಕಡೆ ಕೂಡಿಸಬೇಕು, ಒಂದು ಕಡೆ ಕೂಡಿಸಬಾರದು, ಅಲ್ಲೇ ಗೊಂದಲ ಆಗೂದು. ನಾವು ಎಕ್ಲಾಂಪ್ಸಿಯಾ (ಬಸುರಿಗೆ ಬರೂ ಫಿಟ್ಸ್) ಡಬ್ಬಿ ಅಂತ ಒಂದು ಮಾಡೀವಿ. ಅದರಾಗ 14 ಆಂಪೂಲ್, 20 ಎಂಎಲ್ ಸಿರಿಂಜ್, ಸಲೈನ್, ಮುಚ್ಚಳದ ಒಳಗ ಕನ್ನಡದಾಗ ಬರದ ಲೆಕ್ಕ. ಜೋಡಿಗೆ ಕ್ಯಾಲ್ಸಿಯಂ ಗ್ಲೂಕೋನೇಟ್ 10 ಎಂಎಲ್ ಆಂಪೂಲ್, ಅದು ಇದರ ವಿರುದ್ಧ ಔಷಧಿ. ಆಂಪೂಲ್ ಬ್ಯಾರೆ ಪರ್ಸೆಂಟ್‌ದೂ ಬರ್ತಾವ, ಹಂಗಾಗಿ ಡಬ್ಬಿ ತುಂಬೂವಾಗ ಪ್ರತಿ ಆಂಪೂಲ್ ಓದ್ರಿ. ಹಗಲು ಇಬ್ಬರು ಕೂಡಿ ನಿವಾಂತ ತುಂಬಿ ಸೀಲ್ ಮಾಡಿದ ಡಬ್ಬಿ ರಾತ್ರಿ ಒಬ್ಬಾಕಿಗೆ ಆಸರಾಗ್ತದ.

ನಾಕು ತಾಸಿಗೊಮ್ಮೆ ಮುಂದಿನ 5 ಗ್ರಾಂ ಕೊಡೂಕಿಂತ ಮೊದಲ ಮೂರು ನೋಡಲೇಬೇಕು: ಮೊಣಕಾಲಿನ ಜರ್ಕ್ ಅದ ಏನು, ಉಸಿರು ನಿಮಿಷಕ್ಕ 16 ಅಥವಾ ಹೆಚ್ಚು ಅದ ಏನು, ಯೂರಿನ್ ತಾಸಿಗೆ 30 ಎಂಎಲ್ ಆದರೂ ಬಂದದ ಏನು. ಒಂದು ಇಲ್ಲಂದ್ರೂ ಕೊಡಬ್ಯಾಡ್ರಿ, ಡಾಕ್ಟರ್‌ಗೆ ಫೋನ್ ಮಾಡ್ರಿ.

ಐಸಿಯು ಅಕ್ಕ, ಬೆಳಗಾವಿ

ಮುಚ್ಚಳದೊಳಗ ಕನ್ನಡದಾಗ ಲೆಕ್ಕ! ಇದು ಬಹಳ ಒಳ್ಳೇ ಕೆಲಸ ಅಕ್ಕಾರ. ಫೋಟೋ ಹಾಕ್ರಿ.

ಮೇಲ್ ನರ್ಸ್, ವಿಜಯಪುರ

ಎಲ್ಲಾ ಖರೆ. ಆದ್ರ ಹೆದರಿಕಿ ಬಗ್ಗೆ ಯಾರೂ ಮಾತಾಡವಲ್ರಿ. ಏನಾರ ತಪ್ಪಿತು ಅಂತ ಹೇಳಿದ್ರ ಮೊದಲ ಮೆಮೊ, ಆಮ್ಯಾಗ ಸಂಬಳ ಕಟ್, ಆಮ್ಯಾಗ ಪೇಷಂಟ್ ಕಡೆಯವರ ಗಲಾಟೆ. ಹಂಗಾಗಿ ಕೂದಲೆಳೆಯಷ್ಟರಲ್ಲಿ ತಪ್ಪಿದ್ದು ಯಾವುದೂ ರಿಜಿಸ್ಟರ್‌ಗೆ ಬರಂಗಿಲ್ಲ.

ಕಾನೂನು ನೋಡ್ರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದದ. ಕಲಂ 106(1)ರ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದ್ರ ಐದು ವರ್ಷದ ತನಕ ಶಿಕ್ಷಾ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡೂ ಹೊತ್ತಿನ್ಯಾಗ ಆದ್ರ ಎರಡು ವರ್ಷದ ತನಕ. ಆ ವಿವರಣೆಯೊಳಗ ವೈದ್ಯರು ಅಂದ್ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯ ರಿಜಿಸ್ಟರ್‌ನ್ಯಾಗ ಹೆಸರಿದ್ದವರು. ನರ್ಸ್ ಅದರಾಗ ಇಲ್ಲ. ಹಳೇ ಐಪಿಸಿ ಕಲಂ 304ಎ ಇದ್ದಾಗ ಎಲ್ಲಾರಿಗೂ ಎರಡೇ ವರ್ಷ ಇತ್ತು. ಆರ್ಡರ್ ಬರದವರಿಗೆ ಎರಡು, ಚುಚ್ಚಿದವರಿಗೆ ಐದು, ಇದು ನ್ಯಾಯ ಅಲ್ಲ ಅಂತ ನಾ ಗಟ್ಟಿಯಾಗಿ ಹೇಳ್ತೀನಿ. ನಮ್ಮ ಸಂಘಗಳು ಕೇಳಬೇಕಾದ್ದು ಇದನ್ನ.

ಅಮೆರಿಕಾದ ನ್ಯಾಶ್‌ವಿಲ್‌ನ್ಯಾಗ 2017ರ ಡಿಸೆಂಬರ್‌ದಾಗ ಒಬ್ಬ ನರ್ಸ್ ಮಂಪರು ಬರಿಸೂ ಮಿಡಾಜೊಲಾಮ್ (ಅಲ್ಲಿಯ ಬ್ರಾಂಡ್ ಹೆಸರು ವರ್ಸೆಡ್) ಬದಲು ಸ್ನಾಯು ನಿಲ್ಲಿಸೂ ವೆಕ್ಯುರೋನಿಯಂ ಕೊಟ್ಟು ಪೇಷಂಟ್ ತೀರಿಕೊಂಡ್ರು. ಆಕಿ ತಾನೇ ಒಪ್ಪಿಕೊಂಡಿದ್ಲು. 2022ರಾಗ ಕೋರ್ಟ್ ಅಪರಾಧಿ ಅಂತ ತೀರ್ಪು ಕೊಡ್ತು, ಮೂರು ವರ್ಷ ಪ್ರೊಬೇಷನ್. ಆ ಆಸ್ಪತ್ರಿಯ ಔಷಧಿ ಕೊಡೂ ಯಂತ್ರದ ಕಪಾಟಿನ್ಯಾಗ ಎರಡು ಅಕ್ಷರ ಒತ್ತಿದ್ರ ಸಾಕು, ಅದೇ ಅಕ್ಷರದಿಂದ ಶುರುವಾಗೂ ಅಂಥಾ ಔಷಧಿ ಕೈಗೆ ಸಿಗತಿತ್ತು.

ನರ್ಸಿಂಗ್ ಟ್ಯೂಟರ್, ಬೆಳಗಾವಿ

ಬ್ರದರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಪ್ರಕರಣದಲ್ಲಿ ವಯಲ್ ಮುಚ್ಚಳದ ಮೇಲೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಎಂಬ ಎಚ್ಚರಿಕೆಯೂ ಇತ್ತು ಎನ್ನುವುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ವ್ಯವಸ್ಥೆಯ ತಪ್ಪು ದೊಡ್ಡದು. ಓದುವ ಜವಾಬ್ದಾರಿ ನಮ್ಮದೇ. ವೆಕ್ಯುರೋನಿಯಂ, ಅಟ್ರಾಕ್ಯೂರಿಯಂ, ಸಕ್ಸಿನೈಲ್‌ಕೋಲಿನ್ ಮೂರೂ ಉಸಿರಾಟದ ಸ್ನಾಯು ನಿಲ್ಲಿಸುತ್ತವೆ. ಅವು ಸಾಮಾನ್ಯ ವಾರ್ಡಿನ ಫ್ರಿಜ್‌ನಲ್ಲಿ ಇನ್ಸುಲಿನ್ ಜೊತೆ ಇರಬಾರದು. ಇದ್ದರೆ ಇವತ್ತೇ ತೆಗೆಸಿ.

ಪಿಜಿ ಡಾಕ್ಟರ್, ಬೆಳಗಾವಿ

ನಾನು ಮೈಸೂರು ಕಡೆಯವನು, ಇಲ್ಲಿ ಮೆಡಿಸಿನ್ ಪಿಜಿ. ರಾತ್ರಿ ನರ್ಸ್ ಒಬ್ಬರೇ ಇದ್ದರೆ ಡ್ಯೂಟಿ ಡಾಕ್ಟರನ್ನ ಎರಡನೇ ಚೆಕ್‌ಗೆ ಕರೀಬಹುದು, ಕರೀಲೇಬೇಕು. ನಾವು ಬರೋದಿಲ್ಲ ಅಂದ್ರೆ ಅದು ನಮ್ಮ ತಪ್ಪು. ಫೋನ್ ಆರ್ಡರ್ ಬಗ್ಗೆ ಒಂದು ಮಾತು: ನಮ್ಮ ವಾರ್ಡ್‌ನಲ್ಲಿ ಕನ್ನಡ, ಮರಾಠಿ, ಮಲಯಾಳಂ ಮೂರೂ ಇದೆ, ಅಂಕಿ ಇಂಗ್ಲಿಷಲ್ಲಿ ಹೇಳ್ತೀವಿ. ಫಿಫ್ಟೀನ್, ಫಿಫ್ಟಿ ಫೋನಲ್ಲಿ ಒಂದೇ ಥರ ಕೇಳುತ್ತೆ. "ಒನ್ ಫೈವ್" ಅಂತ ಬಿಡಿಸಿ ಹೇಳಿ, ಸಿಸ್ಟರ್ ಬರೆದುಕೊಂಡು ತಿರುಗಿ ಓದಿ ಹೇಳೋ ತನಕ ನಾನು ಫೋನ್ ಇಡೋದಿಲ್ಲ.

ಐಸಿಯು ಅಕ್ಕ, ಬೆಳಗಾವಿ

ಡಾಕ್ಟ್ರೇ, ಬರ್ತೀನಿ ಅಂದದ್ದಕ್ಕ ಸಂತೋಷ. ಆದರೆ ಆರ್ಡರ್ ಬರೆದವರೇ ಚೆಕ್‌ಗೆ ಬಂದರೆ ತಮ್ಮ ಲೆಕ್ಕವನ್ನೇ ಮತ್ತೊಮ್ಮೆ ಒಪ್ಪುತ್ತಾರೆ. ನೀವೂ ವಯಲ್ ಕೈಯಾಗ ಹಿಡಿದು ಹೊಸದಾಗಿ ಲೆಕ್ಕ ಹಾಕಬೇಕು. ಬಾಗಿಲಲ್ಲೇ ನಿಂತು "ಓಕೆ ಸಿಸ್ಟರ್" ಅಂದರೆ ಆಗೂದಿಲ್ಲ.

ಪಿಜಿ ಡಾಕ್ಟರ್, ಬೆಳಗಾವಿ

ಒಪ್ಪಿದೆ ಸಿಸ್ಟರ್.

ಕಬ್ಬಿನ ಬೆಳೆಗಾರ, ಮುಧೋಳ

ನಾವು ಪೇಷಂಟ್ ಕಡೆಯವರು. ನಮ್ಮ ಅವ್ವಗ ಹಾರ್ಟಿಂದು, ಶುಗರ್ ಎರಡೂ ಐತಿ, ವರ್ಷಕ್ಕೊಮ್ಮೆ ಆದರೂ ದವಾಖಾನಿ ತಪ್ಪೂದಿಲ್ಲ. ಇಷ್ಟೆಲ್ಲಾ ಓದಿ ಎದಿ ಝಲ್ ಅಂತು. ನಮ್ಮಿಂದ ಏನಾರ ಆಗ್ತೈತೇನ್ರಿ?

ಐಸಿಯು ಅಕ್ಕ, ಬೆಳಗಾವಿ

ಆಗ್ತೈತ್ರಿ ಅಣ್ಣಾರ, ಬಹಳ ಆಗ್ತೈತಿ. ಮನ್ಯಾಗ ತಗೊಳ್ಳೂ ಗುಳಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಬರ್ರಿ. ರಕ್ತ ತೆಳು ಮಾಡೂ ಗುಳಗಿ ಇದ್ದರೆ ಮೊದಲ ಅದನ್ನ ಹೇಳ್ರಿ. ಕೀಲುನೋವಿಗೆ ಮೆಥೋಟ್ರೆಕ್ಸೇಟ್ ಗುಳಗಿ ತಗೊಳ್ಳೂ ಮಂದಿ ಅದಾರ, ಅದು ವಾರಕ್ಕೊಮ್ಮೆ ಮಾತ್ರ. ದಿನಾ ತಗೊಂಡರೆ ವಿಷ. ವಾರದಾಗ ಯಾವ ದಿನ ಅಂತ ಸುದ್ದಾ ಹೇಳ್ರಿ. ಇಂಜೆಕ್ಷನ್ ತಂದಾಗ ಅವ್ವನ ಹೆಸರು ಅವ್ವನೇ ಹೇಳಲಿ. "ಹೂಂ" ಅನ್ನೂದು ಬ್ಯಾಡ. ಇನ್ಸುಲಿನ್ ಕೊಟ್ಟ ಮೇಲೆ ಅವ್ವ ಉಣ್ಣದಿದ್ದರೆ ಲಗೂನ ಬಂದು ತಿಳಿಸ್ರಿ. ಮತ್ತ ಸಿಸ್ಟರ್ ಔಷಧಿ ತುಂಬುತ್ತಿರುವಾಗ ಮಾತಾಡಿಸಬ್ಯಾಡ್ರಿ. ಆ ಎರಡು ನಿಮಿಷ ಅವಳಿಗೆ ಬಿಟ್ಟುಕೊಡ್ರಿ.

ಕಬ್ಬಿನ ಬೆಳೆಗಾರ, ಮುಧೋಳ

ಆತ್ರಿ ಅಕ್ಕಾರ. ಮಾತಾಡಸೂದು ನಾವೇ ಜಾಸ್ತಿ. ಇನ್ನು ನೆನಪ ಇಟಗೋತೀವಿ.

ತಾಲ್ಲೂಕು ಆಸ್ಪತ್ರೆ, ಜಮಖಂಡಿ ಕಡೆ

ಬಾಜೂ ವಾರ್ಡ್ ಸಿಸ್ಟರ್‌ಗೆ ವಿಡಿಯೋ ಕಾಲ್ ಮಾಡಿ ವಯಲ್, ಸಿರಿಂಜ್, ಚಾರ್ಟ್ ತೋರಿಸಿದರ ನಡೀತೈತೇನ್ರಿ?

ನರ್ಸಿಂಗ್ ಟ್ಯೂಟರ್, ಬೆಳಗಾವಿ

ಆಸ್ಪತ್ರೆ ಲಿಖಿತವಾಗಿ ಒಪ್ಪಿದರೆ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಬೇಡ; ರೋಗಿಯ ಹೆಸರು, ಕಾಯಿಲೆ ಎಲ್ಲ ಹೊರಗೆ ಹೋಗುತ್ತದೆ. ನೋಡುವವರೂ ಕಾಗದದ ಮೇಲೆ ತಮ್ಮ ಲೆಕ್ಕ ಹಾಕಬೇಕು.

ರಾತ್ರಿಪಾಳಿ ಸಿಸ್ಟರ್, ಬಾಗಲಕೋಟೆ

ಎಲ್ಲಾರದೂ ಓದಿದೆ. ಇನ್‌ಚಾರ್ಜ್ ಸಿಸ್ಟರ್ ಮುಂದ ಫೋನ್ ಹಿಡಿದು ಒಂದೊಂದೇ ಓದಿ ಹೇಳಿದೆ. ಅವರಿಗೂ ಮುಂಜಾನೆ ಸಹಿ ಮನಸ್ಸಿಗೆ ಸರಿ ಅನಿಸಿರಲಿಲ್ಲಂತ. ಇಬ್ಬರೂ ಕೂಡಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಪತ್ರ ಬರದೀವಿ.

ಕೇಳಿದ್ದು ಇಷ್ಟು. ಕೆಸಿಎಲ್ ವಾರ್ಡ್‌ನಿಂದ ತೆಗೀಬೇಕು. ರಾತ್ರಿಯ ಲಾಂಗ್ ಆಕ್ಟಿಂಗ್ ಇನ್ಸುಲಿನ್ ಹ್ಯಾಂಡೋವರ್ ಹೊತ್ತಿಗೆ ಬರೂಹಂಗ ಡಾಕ್ಟರ್ ಟೈಮ್ ಬರೀಬೇಕು, ಆಗ ಎರಡೂ ಪಾಳಿಯವರು ಇರ್ತೀವಿ. ಅದರ ಮ್ಯಾಲೆ ಬಂದ ಹೈ ರಿಸ್ಕ್ ಇಂಜೆಕ್ಷನ್‌ಗೆ ಬಾಜೂ ಸರ್ಜರಿ ವಾರ್ಡ್ ಸಿಸ್ಟರ್ ಮತ್ತ ನಾವು ಜೋಡಿ, ಒಬ್ಬರಿಗೊಬ್ಬರು ಹೋಗಿ ಬರೂದು. ಅವರೂ ಬರಲಾಗದಿದ್ದರ ಡ್ಯೂಟಿ ಡಾಕ್ಟರ್. ಯಾರೂ ಇಲ್ಲದ, ತಡಾ ಮಾಡಿದರ ಜೀವಕ್ಕ ಕುತ್ತು ಅನ್ನೂ ಹೊತ್ತಿನಾಗ ಒಬ್ಬರೇ ಎರಡು ಸಲ ಮೊದಲಿಂದ ಲೆಕ್ಕ ಹಾಕಿ ಕೊಟ್ಟು, ಚಾರ್ಟ್‌ನಾಗ "ಒಬ್ಬರೇ ಪರಿಶೀಲನೆ" ಅಂತ ಇದ್ದದ್ದನ್ನ ಇದ್ದಂಗ ಬರೀಬೇಕು. ತಿಂಗಳ ಕೊನಿಗೆ ಅಂಥಾವು ಎಷ್ಟಾದವು ಅಂತ ಎಣಿಸಿದರ ರಾತ್ರಿ ಇನ್ನೊಬ್ಬರು ಬೇಕು ಅನ್ನೂದಕ್ಕ ನಮ್ಮ ಕೈಯಾಗ ಲೆಕ್ಕ ಇರ್ತೈತಿ.

ಸೂಪರಿಂಟೆಂಡೆಂಟ್ ಮೇಡಂ ಕೆಸಿಎಲ್‌ಗೆ ಮತ್ತ ಇನ್ಸುಲಿನ್ ಟೈಮ್‌ಗೆ ಹೂಂ ಅಂದಾರ. ಸರ್ಜರಿ ವಾರ್ಡ್ ಜೋಡಿದ್ದು ಇನ್ನೂ ಮಾತು ನಡದೈತಿ. ಬ್ರದರ್, ಕೆಸಿಎಲ್ ಕೂಡಿಸಿದ ಬಾಟಲಿಗೆ ಲೇಬಲ್ ಏನು ಬರೀಬೇಕು ಅಂತ ಹೇಳ್ರಿ, ನಾಳೆ ಪ್ರಿಂಟಿಗೆ ಕೊಡ್ತೀವಿ.

ಫಾರ್ಮಸಿ ಬ್ರದರ್, ವಿಜಯಪುರ

ಪೇಷಂಟ್ ಹೆಸರು, ಐಪಿ (ಒಳರೋಗಿ) ನಂಬರ್. ಔಷಧಿ ಹೆಸರು ಪೂರಾ, ಕೆಸಿಎಲ್ ಅಂತ ಗಿಡ್ಡ ಬ್ಯಾಡ. ಎಷ್ಟು ಮಿಲಿಈಕ್ವಿವಲೆಂಟ್, ಯಾವ ಸಲಾಯಿನ್, ಎಷ್ಟು ಎಂಎಲ್. ತಾಸಿಗೆ ಎಷ್ಟು ಎಂಎಲ್ ಬಿಡಬೇಕು. ಕೂಡಿಸಿದ ತಾರೀಖು, ಟೈಮ್. ಕೂಡಿಸಿದವರ ಹೆಸರು, ನೋಡಿದವರ ಹೆಸರು. ಬಾಟಲಿಯ ಅಳತಿ ಗೆರಿ ಮುಚ್ಚದಂಗ ಹಚ್ಚ್ರಿ, ಎಷ್ಟು ಉಳದದ ಅಂತ ಕಾಣಬೇಕು. ಮಾರ್ಕರ್ ಪೆನ್ನಿಲೆ ನೇರ ಪ್ಲಾಸ್ಟಿಕ್ ಮ್ಯಾಲೆ ಬರೀಬ್ಯಾಡ್ರಿ, ಅಳಿಸಿ ಹೋಗ್ತದ. ಪ್ರಿಂಟಿಗೆ ಕೊಡೂಕಿಂತ ಮೊದಲ ನನಗ ಒಂದು ಪ್ರತಿ ಕಳಸ್ರಿ, ಓದಿ ನೋಡ್ತೀನಿ.